ಕೊಡೆಯೊಳಗೆ ಸಸಿ ಇಟ್ಟವರು

ಕೈಯಲ್ಲಿ ಕೊಡೆ ಇಟ್ಟುಕೊಂಡೂ ಮಳೆಯಲ್ಲಿ ತೊಯ್ದು ನಡೆಯುವ ಮನುಷ್ಯ ಮಂಡ್ಯದಲ್ಲಿ ಒಬ್ಬರೇ ಇದ್ದರು. ಹೋದ ತಿಂಗಳು ಅವರೂ ನಿವೃತ್ತರಾಗಿ ರೈಲು ಹತ್ತಿದರು. ಈಗ ಮಳೆ ಬಂದರೆ ಊರಿನವರೆಲ್ಲ ಒಳ್ಳೆಯ ಮಕ್ಕಳ ಹಾಗೆ ಕೊಡೆ ಬಿಚ್ಚುತ್ತಾರೆ. ಪೇಟೆಬೀದಿಯಲ್ಲಿ ನಿಂತು ನೋಡುವಂಥದ್ದು ಏನೂ ಉಳಿದಿಲ್ಲ.

ಅವರ ಕೊಡೆಯೊಳಗೆ ಸಸಿಗಳಿರುತ್ತಿದ್ದವು. ಚೆಂಡುಹೂವಿನದೋ ಸೇವಂತಿಗೆಯದೋ ಎಳೆಯ ಸಸಿಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ, ಮಡಿಸಿದ ಕೊಡೆಯೊಳಗೆ ಇಳಿಬಿಟ್ಟು, ಹಿಡಿಯನ್ನು ಮೇಲೆ ಮಾಡಿ ಹಾಲಿನ ತಂಬಿಗೆ ಹಿಡಿದವರ ಹಾಗೆ ನಡೆದು ಬರುತ್ತಿದ್ದರು. ಮಳೆ ಹಿಡಿಯಿತೆಂದರೆ ರುಮಾಲಿನಿಂದ ನೀರು ಇಳಿದು, ಮೂಗಿನ ತುದಿಯಲ್ಲಿ ತೊಟ್ಟಿಕ್ಕಿ, ಕೋಟಿನ ಒಳಗೆ ಹೋಗುತ್ತಿತ್ತು. "ಕೊಡೆ ಬಿಚ್ಚಿ ಸಾರ್" ಎಂದರೆ, "ನಾನು ನೆಂದರೆ ಒಣಗ್ತೀನಿ ಕಣಯ್ಯಾ. ಇವು ಬಿದ್ದರೆ ಏಳೋಲ್ಲ" ಎನ್ನುತ್ತಿದ್ದರು.

ಊರಿನವರಿಗೆ ಅವರು ತೋಟದ ಮೇಷ್ಟ್ರು. ನಾಲೆಯ ನೀರು ಬಂದು, ಸಕ್ಕರೆ ಕಾರ್ಖಾನೆಯ ಚಿಮಣಿ ಎದ್ದು, ಮಂಡ್ಯದಲ್ಲಿ ಹೊಸ ಹೊಸ ಮನೆಗಳು ಏಳುತ್ತಿದ್ದ ಕಾಲ. ಮನೆಗೆಲ್ಲ ಕಾಂಪೌಂಡು ಇತ್ತು, ಕಾಂಪೌಂಡಿನಲ್ಲಿ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಎಮ್ಮೆ ಕಟ್ಟಿ ಉಳಿದ ಜಾಗದಲ್ಲಿ ಬೆರಣಿ ತಟ್ಟುತ್ತಿದ್ದರು. ಜನಕ್ಕೆ ತೋಟ ಮಾಡುವುದನ್ನು ಕಲಿಸಿ ಎಂದು ಸರ್ಕಾರ ಇವರನ್ನು ಕಳಿಸಿತು. ಶನಿವಾರ ಸಂಜೆ ಮದ್ದೂರಿನಲ್ಲೋ ಮಳವಳ್ಳಿಯಲ್ಲೋ ಮ್ಯಾಜಿಕ್ ಲಾಂದ್ರದ ಚಿತ್ರ ತೋರಿಸಿ ಉಪನ್ಯಾಸ, ಭಾನುವಾರ ಬೆಳಗ್ಗೆ ಮಂಡ್ಯದ ಶಾಲೆಯ ಅಂಗಳದಲ್ಲಿ ತರಗತಿ.

ನಾನು ಆ ತರಗತಿಗೆ ಸೇರಿದ್ದು ಗಿಡದ ಮೇಲಿನ ಪ್ರೀತಿಯಿಂದಲ್ಲ. ನಮ್ಮ ಕಚೇರಿಯಿಂದ ಒಬ್ಬನನ್ನು ಕಳಿಸಬೇಕೆಂದು ಹುಕುಂ ಬಂತು. ಯಾರು ಇಲ್ಲದಿದ್ದರೆ ಕಚೇರಿಯ ಕೆಲಸ ಚೆನ್ನಾಗಿ ನಡೆಯುತ್ತದೆ ಎಂದು ಹೆಡ್‌ಗುಮಾಸ್ತರು ಯೋಚಿಸಿದರು. ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ.

ಮೇಷ್ಟ್ರು ನನ್ನ ಕೈಗೆ ಮೊದಲು ಕೊಟ್ಟದ್ದು ಲಾಂದ್ರದ ಕೆಲಸ. ಮದ್ದೂರಿನಲ್ಲಿ ಜನ ಕಿಕ್ಕಿರಿದಿದ್ದರು. ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ, ದೀಪ ಹಚ್ಚಿ, ನಾನು ಮೊದಲನೆಯ ಚಿತ್ರದ ಗಾಜನ್ನು ಒಳಗೆ ತಳ್ಳಿದೆ. ದೊಡ್ಡ ಕೊಳ, ಅದರ ಸುತ್ತ ಮರ, ಮರದ ಕೆಳಗೆ ಕಲ್ಲುಬೆಂಚು. ಎಲ್ಲವೂ ತಲೆಕೆಳಗು. ಕೊಳ ಆಕಾಶದಲ್ಲಿತ್ತು, ಮರಗಳು ಬಾವಲಿಗಳ ಹಾಗೆ ಜೋತಾಡುತ್ತಿದ್ದವು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಸರ್ಕಾರದ ತೋಟ ಹೀಗೇ ಇರುತ್ತದೋ ಏನೋ ಎಂದು. ಮೇಷ್ಟ್ರು ಒಮ್ಮೆ ತಿರುಗಿ ನೋಡಿ, ಗಂಟಲು ಸರಿಮಾಡಿಕೊಂಡರು.

"ತೋಟದಲ್ಲಿ ಕೊಳ ಯಾಕೆ ಬೇಕು ಅಂತ ಕೇಳ್ತೀರಿ. ನೀರೊಳಗೆ ಮರದ ನೆರಳು ಹೀಗೆ ಕಾಣಬೇಕು, ಅದಕ್ಕೆ. ಈಗ ನೀರಿನಿಂದ ತಲೆ ಎತ್ತಿ ಮರವನ್ನೇ ನೋಡೋಣ" ಎಂದು ನನ್ನ ಕಡೆ ಕೈ ಮಾಡಿದರು. ನಾನು ಗಾಜನ್ನು ತಿರುಗಿಸಿದೆ. ಜನ ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ, "ನೆರಳು ಒಂದು ಸಲ ತೋರಿಸಿದರೆ ಸಾಕು ಕಣಯ್ಯಾ" ಎಂದರು. ಅವರ ಬೈಗುಳ ಅಷ್ಟೇ.

ಮಳವಳ್ಳಿಯಲ್ಲಿ ಹುಲ್ಲುಹಾಸಿನ ಚಿತ್ರ ತೋರಿಸಿದಾಗ ಪೂರಿಗಾಲಿಯ ಗೌಡರೊಬ್ಬರು ಎದ್ದು ನಿಂತರು.

"ಈಟು ಉಲ್ಲು ಬೆಳ್ದವ್ರೆ. ದನ ಬುಡಾಕಿಲ್ವಾ ಸ್ವಾಮಿ?"

"ಬಿಡೋದಿಲ್ಲ."

"ಕುಯ್ದು ಆಕ್ತಾರಾ?"

"ಕುಯ್ತಾರೆ. ದನಕ್ಕಲ್ಲ, ಚೆನ್ನಾಗಿ ಕಾಣಲಿ ಅಂತ."

"ಮತ್ಯಾಕ್ ಬೆಳ್ಯದು?"

"ಸಂಜೆ ಹೊತ್ತು ನಾಲ್ಕು ಜನ ಕೂತುಕೊಳ್ಳೋಕೆ."

"ಅದ್ಕೆ ನಮ್ಮಟ್ಟೀಲಿ ಜಗುಲಿ ಅದೆ ಬುಡಿ" ಎಂದು ಗೌಡರು ಕೂತುಬಿಟ್ಟರು. ಜನ ಹೋ ಎಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ಕೊಡೆಯ ಹಿಡಿಯನ್ನು ಬೆರಳಲ್ಲಿ ತಟ್ಟುತ್ತಿದ್ದರು. ಮುಂದಿನ ಶನಿವಾರದ ಉಪನ್ಯಾಸ ಹೀಗೆ ಶುರುವಾಯಿತು: "ತೋಟ ಅಂದರೆ ಗೋಡೆ ಇಲ್ಲದ ಜಗುಲಿ. ಇದನ್ನು ನನಗೆ ಹೇಳಿಕೊಟ್ಟವರು ಪೂರಿಗಾಲಿಯ ಗೌಡರು." ಆಮೇಲೆ ಎಲ್ಲಿ ಮಾತಾಡಿದರೂ ಗೌಡರ ಪ್ರಸ್ತಾಪ ಬಿಡಲಿಲ್ಲ. ಗೌಡರಿಗೆ ಇವತ್ತಿಗೂ ಈ ಸಂಗತಿ ತಿಳಿದಿರಲಾರದು.

ಭಾನುವಾರದ ತರಗತಿಯಲ್ಲಿ ಗುತ್ತಲಿನ ಜವರ ಇದ್ದ. ಕಬ್ಬು ಬೆಳೆಯುವವರ ಮನೆಯ ಹುಡುಗ, ನನ್ನದೇ ವಯಸ್ಸು, ನನ್ನ ಮಾನ ಕಳೆಯುವುದಕ್ಕೆ ಹುಟ್ಟಿದವನು. ಪೇಟೆಯಲ್ಲಿ ಹೂ ಕಟ್ಟಿ ಮಾರುತ್ತಿದ್ದ ನಿಂಗಕ್ಕ ಇದ್ದಳು. ಇನ್ನೂ ಹತ್ತಾರು ಜನ. ಮೇಷ್ಟ್ರ ಕತ್ತರಿ ಕೋಟಿನ ಗುಂಡಿಗೆ ದಾರ ಕಟ್ಟಿಕೊಂಡು ತೂಗಾಡುತ್ತಿತ್ತು. ಅವರ ಮೊದಲ ಪಾಠ, ನಡುವಿನ ಪಾಠ, ಕೊನೆಯ ಪಾಠ ಎಲ್ಲವೂ ಒಂದೇ. ಹೂವಾಗಲಿ ಕೊಂಬೆಯಾಗಲಿ, ಕತ್ತರಿಸುವುದು ಗೆಣ್ಣಿನ ಮೇಲೆ.

"ಕಬ್ಬಿನ ಊರಿನವರಿಗೆ ಗೆಣ್ಣು ಯಾವುದು ಅಂತ ನಾನು ಹೇಳಬೇಕೇನಯ್ಯಾ? ಮುಂದಿನ ಚಿಗುರು ಅಲ್ಲೇ ಮಲಗಿರುತ್ತೆ. ಗೆಣ್ಣಿನ ಮೇಲೆ, ಕಾಲು ಅಂಗುಲ ಬಿಟ್ಟು, ಓರೆಯಾಗಿ. ಹಾಗೆ ಕತ್ತರಿಸಿದರೆ ಒಂದು ಹೋದ ಕಡೆ ಎರಡು ಬರುತ್ತೆ. ಸಿಗಿದರೆ ಒಂದೂ ಇಲ್ಲ."

ಈ ಮಾತು ಎಷ್ಟು ಸಲ ಕೇಳಿದ್ದೆವೆಂದರೆ, ಜವರ ಕ್ಷೌರಕ್ಕೆ ಕೂತಾಗಲೂ "ಗೆಣ್ಣಿನ್ ಮ್ಯಾಲೆ ಕತ್ರಿಸಪ್ಪ, ಎಲ್ಡೆಲ್ಡು ಬರ್ಲಿ" ಎನ್ನುತ್ತಿದ್ದ. ಪಾಠ ತಲೆಗೆ ಹತ್ತದೆ ಹೋದವನು ನಾನೊಬ್ಬನೇ. ಹೆಡ್‌ಗುಮಾಸ್ತರ ಮನೆಯ ಗುಲಾಬಿಯನ್ನು ಕಲಿತ ವಿದ್ಯೆಯಿಂದ ಸವರುತ್ತೇನೆಂದು ಹೋದೆ. ಈ ಕಡೆ ಸ್ವಲ್ಪ ಉದ್ದವಾಯಿತೆಂದು ಕತ್ತರಿಸಿದೆ, ಆಗ ಆ ಕಡೆ ಉದ್ದವಾಯಿತು. ಸರಿದೂಗಿಸಿ ಸರಿದೂಗಿಸಿ ನಾನು ಎದ್ದು ನಿಂತಾಗ ಅಲ್ಲಿ ಗುಲಾಬಿ ಇತ್ತೆನ್ನುವುದಕ್ಕೆ ಉಳಿದಿದ್ದ ಸಾಕ್ಷಿ ನನ್ನ ಅಂಗೈಯ ಮುಳ್ಳುಗಳು ಮಾತ್ರ.

ಇನ್ನೊಮ್ಮೆ ಒಂದು ತೋಟದ ನಕ್ಷೆ ಬರೆದು ತನ್ನಿ ಎಂದರು. ನಾನು ಮಹಾರಾಜರೇ ಬಂದು ವಾಸಮಾಡಬಹುದಾದ ತೋಟ ಬರೆದೆ. ಕೊಳ, ಕೊಳಕ್ಕೆ ಸೇತುವೆ, ನವಿಲು, ಸುತ್ತ ಆಳೆತ್ತರದ ಬೇಲಿ. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿದರು.

"ತುಂಬ ಚೆನ್ನಾಗಿದೆ. ಒಳಗೆ ಹೋಗೋದು ಹೇಗಯ್ಯಾ?"

ಬಾಗಿಲು ಇಡುವುದನ್ನು ಮರೆತಿದ್ದೆ.

"ಬೇಲಿ ಆರ್ಕಂಡು ಓಗದು ಸಾ," ಎಂದ ಜವರ. "ಇವ್ನು ಪರೀಕ್ಸೆ ಪಾಸಾಗದೂ ಅಂಗೇಯ."

ಮೇಷ್ಟ್ರು ನಮ್ಮನ್ನೆಲ್ಲ ಎಬ್ಬಿಸಿ ಬಯಲಿಗೆ ಕರೆದುಕೊಂಡು ಹೋಗಿ ನೆಲದ ಮೇಲೆ ಕೂರಿಸಿದರು. "ಮೊದಲು ಕೂತುಕೊಳ್ಳಿ. ಬಿಸಿಲು ಎಲ್ಲಿಂದ ಕಣ್ಣಿಗೆ ಹೊಡೆಯುತ್ತೋ ಅಲ್ಲಿ ಮರ. ಗಾಳಿ ಎಲ್ಲಿಂದ ಬರುತ್ತೋ ಅಲ್ಲಿ ಏನೂ ಬೇಡ. ಕಾಗದ ಆಮೇಲೆ." ಅವರ ಶಾಸ್ತ್ರವೆಲ್ಲ ಇಷ್ಟೇ. ಇಷ್ಟನ್ನು ಕಲಿಯುವುದಕ್ಕೆ ನನ್ನ ಎರಡು ಪಂಚೆ ಹಾಳಾದವು.

ನಾವು ಕೂತ ಆ ಬಯಲು ಗುತ್ತಲಿನ ದಾರಿಯಲ್ಲಿ ನಾಲೆಯ ಪಕ್ಕಕ್ಕಿತ್ತು. ಮೇಷ್ಟ್ರಿಗೆ ಆ ಜಾಗದ ಮೇಲೆ ಕಣ್ಣು. ಅಲ್ಲಿ ಊರಿಗೊಂದು ತೋಟ ಆಗಬೇಕು, ಸಂಜೆ ಜನ ಬಂದು ಕೂರಬೇಕು ಎಂದು ಅವರ ಆಸೆ. ಕಬ್ಬಿನ ಗಾಡಿ ನಿಲ್ಲಿಸುವುದಕ್ಕೆ ಅದೇ ಜಾಗ ಬೇಕೆಂದು ಇನ್ನೊಂದು ಕಡೆಯಿಂದ ಅರ್ಜಿ ಹೋಗಿತ್ತು. ಮೈಸೂರಿನಿಂದ ಒಬ್ಬ ಸಾಹೇಬರು ಬಂದು ನೋಡಿ ತೀರ್ಮಾನ ಮಾಡುತ್ತಾರೆ, ತರಗತಿ ಮುಂದುವರಿಯಬೇಕೋ ಬೇಡವೋ ಎನ್ನುವುದನ್ನೂ ಅವರೇ ಹೇಳುತ್ತಾರೆ ಎಂದು ತಿಳಿಯಿತು. ಮೇಷ್ಟ್ರು ಮಾತು ಕಡಿಮೆ ಮಾಡಿದರು. ಬಯಲಿನ ಒಂದು ಮೂಲೆಯಲ್ಲಿ ದೊಡ್ಡ ಪಾತಿ ಮಾಡಿ, ನಮ್ಮ ಕೈಯಲ್ಲಿ ಚೆಂಡುಹೂವು, ಸೇವಂತಿಗೆ, ಜಿನಿಯಾ ಹಾಕಿಸಿದರು. ನಡುವೆ ಬಿಳಿ, ಸುತ್ತ ಹಳದಿ, ಅಂಚಿಗೆ ಕೆಂಪು. ನಾಲೆಯಿಂದ ನೀರು ಹೊತ್ತು ಹೊತ್ತು ನನ್ನ ಭುಜ ಒಂದು ಕಡೆ ಇಳಿದಿದ್ದು ಇನ್ನೂ ಸರಿಯಾಗಿಲ್ಲ. ಶ್ರಾವಣದಲ್ಲಿ ಪಾತಿ ತುಂಬ ಹೂವು. ಸಾಹೇಬರು ಬರುವುದು ಶುಕ್ರವಾರ ಎಂದು ಗೊತ್ತಾಯಿತು.

ಗುರುವಾರ ಸಂಜೆ ಮೇಷ್ಟ್ರು ನನ್ನನ್ನು ಕರೆದರು. "ನಾಳೆ ಶ್ರಾವಣ ಶುಕ್ರವಾರ. ಗುತ್ತಲಿನ ಅಜ್ಜಿಯರು ಪೂಜೆಗೆ ಅಂತ ಬುಟ್ಟಿ ಹಿಡಿದು ಬರ್ತಾರೆ. ದೇವರ ಹೂವು ಕಿತ್ತರೆ ಕಳ್ಳತನ ಅಲ್ಲ ಅಂತ ಅವರ ಲೆಕ್ಕ. ಒಂದು ಹೂವೂ ಹೋಗದ ಹಾಗೆ ಕಾಯಿ. ನಾನು ಸ್ಟೇಷನ್ನಿಗೆ ಹೋಗಿ ಸಾಹೇಬರನ್ನ ಕರೆತರ್ತೀನಿ. ನೀವೆಲ್ಲ ಸೇರಿ ಮರ್ಯಾದೆಯಿಂದ ಬರಮಾಡಿಕೊಳ್ಳಿ."

ಎರಡು ಅಪ್ಪಣೆ. ಎರಡನ್ನೂ ಶಿರಸಾವಹಿಸಿ ನಡೆಸಿದ್ದೇ ನಮ್ಮ ತಪ್ಪಾಯಿತು.

ಬೆಳಕು ಹರಿಯುವ ಮೊದಲೇ ನಾನು ಪಾತಿಯ ಮುಂದೆ ಕೋಲು ಹಿಡಿದು ನಿಂತಿದ್ದೆ. ಅಜ್ಜಿಯರು ಬಂದರು. "ದೇವ್ರಿಗೆ ಒಂದ್ ಊವ ಕೊಡಾಕಿಲ್ವೇನ್ಲಾ, ನಿನ್ ಕೈ ಸೇದೋಗ" ಎಂದು ಶಾಪ ಹಾಕಿದರು. ನಾನು ಅಲುಗಲಿಲ್ಲ. ನನ್ನ ಸ್ವಂತ ಅಜ್ಜಿಯನ್ನೂ ವಾಪಸು ಕಳಿಸಿದೆ, ಆ ದಿನ ಮನೆಯಲ್ಲಿ ಊಟ ಸಿಗುವುದಿಲ್ಲವೆಂದು ತಿಳಿದೂ. ಬಿಸಿಲೇರುವ ಹೊತ್ತಿಗೆ ಒಂದು ಎಸಳೂ ಹೋಗಿರಲಿಲ್ಲ. ಜವರ, ನಿಂಗಕ್ಕ, ತರಗತಿಯವರೆಲ್ಲ ಒಗೆದ ಬಟ್ಟೆ ಉಟ್ಟು ಬಂದರು. ಆಗ ನಾನೇ ಕೇಳಿದೆ, "ನಿಂಗಕ್ಕಾ, ಹಾರ ಎಲ್ಲಿ?"

ನಿಂಗಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಸಿವನೆ. ಸ್ರಾವಣ ಸುಕ್ರವಾರ ಕಣಪ್ಪ. ಇದ್ದ್ ಬದ್ದ್ ಊವೆಲ್ಲ ಗುಡಿಗೋಯ್ತು. ಪ್ಯಾಟೇಲಿ ಒಂದ್ ಮೊಳ ಇಲ್ಲ."

"ಹಾರ ಇಲ್ಲದೆ ಸಾಹೇಬರನ್ನ ಬರಮಾಡಿಕೊಳ್ಳೋದು ಹೇಗೆ?"

"ಬರಿಗೈಲಿ ನಿಂತ್ಕಂಡ್ರೆ ಮೇಷ್ಟ್ರ ಮರ್ವಾದಿ ಏನಾಯ್ತದೆ?" ಎಂದ ಜವರ. "ಮೈಸೂರಿಂದ ಬಂದೋರು, ಮಂಡ್ಯದೋರ್ಗೆ ಒಂದ್ ಆರಕ್ಕೂ ಗತಿ ಇಲ್ವಾ ಅನ್ನಾಕಿಲ್ವಾ?"

ಎಲ್ಲರೂ ಸುತ್ತ ನೋಡಿದೆವು. ಸುತ್ತ ಬಯಲು, ನಾಲೆ, ಕಬ್ಬು. ನಮ್ಮ ಬೆನ್ನ ಹಿಂದೆ ಪಾತಿ.

ಮೇಷ್ಟ್ರು ಹೇಳಿದ್ದು ಅಜ್ಜಿಯರು ಕೀಳಬಾರದು ಎಂದು. ನಮ್ಮಲ್ಲಿ ಯಾರೂ ಅಜ್ಜಿಯರಲ್ಲ. ಈ ವಾದವನ್ನು ಮಂಡಿಸಿದವನು ನಾನು. ಹಿಂದಿನ ಸಾಲಿನಿಂದ ನಾಲ್ಕು ಹೂವು ತೆಗೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಶುರುಮಾಡಿದೆವು. ನಾಲ್ಕರಲ್ಲಿ ಹಾರವಾಗಲಿಲ್ಲ. ಸಾಹೇಬರಿಗೆ ಹಾಕಿ ಮೇಷ್ಟ್ರಿಗೆ ಹಾಕದಿದ್ದರೆ ಹೇಗೆ ಎಂದು ಇನ್ನೊಂದು. ಸಾಹೇಬರ ಜೊತೆ ಗುಮಾಸ್ತರು ಬಂದರೆ ಅವರ ಮನಸ್ಸು ನೋಯಬಾರದೆಂದು ಮತ್ತೊಂದು. ನಿಂಗಕ್ಕನ ಬೆರಳು ಓಡುತ್ತಿತ್ತು, "ಬಿಳೇದು ತತ್ತಾ, ಅಳದಿ ತತ್ತಾ" ಎಂದು ಕೂಗುತ್ತಿದ್ದಳು, ನಾವು ತಂದು ಸುರಿಯುತ್ತಿದ್ದೆವು. ಎಲ್ಲರ ಹತ್ತಿರವೂ ಕತ್ತರಿ ಇತ್ತು, ನಾನು ನನ್ನದನ್ನು ಮನೆಯಲ್ಲಿ ಮರೆತಿದ್ದೆ. ನನ್ನ ಪಾಲಿನ ಸಾಲನ್ನು ಕೈಯಲ್ಲೇ ಎಳೆದೆ. ಹೂವು ಬಂತು, ಜೊತೆಗೆ ಗಿಡವೂ ಬಂತು.

ಜಟಕಾ ಬಂದು ನಿಂತಿತು. ಸಾಹೇಬರು ಇಳಿದರು, ಹಿಂದೆ ಮೇಷ್ಟ್ರು, ಕೈಯಲ್ಲಿ ಕೊಡೆ. ಹಾರ ಹಾಕಿದೆವು. ಅದೆಂಥ ಹಾರ. ಸಾಹೇಬರ ಗಲ್ಲ ಮುಚ್ಚಿ ಮೀಸೆ ಮಾತ್ರ ಕಾಣುತ್ತಿತ್ತು. ಚಪ್ಪಾಳೆ ತಟ್ಟಿದೆವು. ಸಾಹೇಬರು ಹೂವಿನ ಮೇಲಿಂದ ಇಣುಕಿ, "ಸರಿ, ಎಲ್ಲಿ ನಿಮ್ಮ ಪಾತಿ?" ಎಂದರು.

ನಾವೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು. ಆಗಲೇ ನಾವೂ ಅದನ್ನು ನೋಡಿದ್ದು. ಹಸುರು ಕಡ್ಡಿಗಳು ನಿಂತಿದ್ದವು, ಬೇರೇನೂ ಇರಲಿಲ್ಲ. ಜವರ ಮೆಲ್ಲಗೆ, "ಕೆಡ್ಸುದ್ಯಲ್ಲೋ" ಎಂದ.

ಮೇಷ್ಟ್ರು ಪಾತಿ ನೋಡಿದರು. ತಮ್ಮ ಕೊರಳಿನ ಹಾರ ಮುಟ್ಟಿ ನೋಡಿಕೊಂಡರು. ಅವರ ಮುಖದಲ್ಲಿ ಬಣ್ಣ ಹೋಗಿ ಬಂತು. ಆ ಒಂದು ಗಳಿಗೆಯಲ್ಲಿ ನಾಲೆ ಇನ್ನೂ ಸ್ವಲ್ಪ ಹತ್ತಿರ ಇದ್ದಿದ್ದರೆ ನಾನು ಹಾರಿಬಿಡುತ್ತಿದ್ದೆ.

"ತಾವು ನೋಡಬೇಕಾದ ತೋಟ ತಮ್ಮ ಕೊರಳಲ್ಲೇ ಇದೆ ಸ್ವಾಮಿ" ಎಂದರು ಮೇಷ್ಟ್ರು.

"ಇದೇನು ತಮಾಷೆಯೇನ್ರೀ?"

"ಅಲ್ಲ ಸ್ವಾಮಿ, ಇಲ್ಲಿ ನೋಡಬೇಕು." ಮೇಷ್ಟ್ರು ಕೆಸರಿನಲ್ಲಿ ಮಂಡಿಯೂರಿ ಒಂದು ಕಡ್ಡಿ ಹಿಡಿದು ತೋರಿಸಿದರು. "ಗೆಣ್ಣಿನ ಮೇಲೆ ಕತ್ತರಿಸಿದ್ದಾರೆ. ಇದೂ ಹಾಗೇ. ಇದೂ. ಕಾಲು ಅಂಗುಲ, ಓರೆ. ಹೂ ಬಿಡೋದು ಗಿಡದ ಕೆಲಸ, ನಾನು ಬರದೇ ಇದ್ದರೂ ಬಿಡ್ತಿತ್ತು. ಕತ್ತರಿ ಎಲ್ಲಿಡಬೇಕು ಅನ್ನೋದನ್ನ ಕಲಿಸೋಕೆ ತಾವು ನನ್ನನ್ನ ಕಳಿಸಿದ್ದು. ಕಲಿತಿದ್ದಾರೆ. ಮುಂದಿನ ತಿಂಗಳು ಬಂದು ನೋಡಿ, ಒಂದಿದ್ದ ಕಡೆ ಎರಡಿರುತ್ತೆ."

ಸಾಹೇಬರು ಬಾಗಿ ಒಂದು ಕಡ್ಡಿ ನೋಡಿದರು, ಇನ್ನೊಂದು ನೋಡಿದರು. ಹಾಗೆಯೇ ನೋಡುತ್ತ ನೋಡುತ್ತ ನನ್ನ ಸಾಲಿನ ಕಡೆಗೆ ನಡೆದರು. ಅಲ್ಲಿ ಹಂದಿ ಬಂದು ಹೋದ ಹಾಗಿತ್ತು. ಮೇಷ್ಟ್ರು ನಾಲ್ಕು ಹೆಜ್ಜೆ ದಾಪುಗಾಲು ಹಾಕಿ ಅಡ್ಡ ನಿಂತು, "ಬಿಸಿಲು ಸ್ವಾಮಿ" ಎಂದು ಕೊಡೆ ಎತ್ತಿ ಬಿಚ್ಚಿದರು.

ಆ ಕೊಡೆ ಬಿಚ್ಚಿದ್ದನ್ನು ನಾವು ನೋಡಿದ್ದು ಅದೊಂದೇ ಸಲ. ಸಸಿಗಳೆಲ್ಲ ಸಾಹೇಬರ ಪೇಟದ ಮೇಲೆ, ಭುಜದ ಮೇಲೆ, ಬೂಟಿನ ಮೇಲೆ ಉದುರಿದವು.

ಮೇಷ್ಟ್ರು ಸಾಹೇಬರ ಪೇಟದಿಂದ ಒಂದು ಸೇವಂತಿಗೆ ಸಸಿಯನ್ನು ಎರಡು ಬೆರಳಲ್ಲಿ ನಿಧಾನವಾಗಿ ಎತ್ತಿಕೊಂಡರು. "ಈ ಸಾಲು ತಮ್ಮ ಕೈಯಿಂದಲೇ ನೆಡಿಸಬೇಕು ಅಂತ ಬಿಟ್ಟಿದೆ. ಮಣ್ಣು ಸಡಿಲ ಮಾಡಿ ಇಟ್ಟಿದ್ದಾರೆ" ಎಂದು ನನ್ನ ಕಡೆ ನೋಡಿ, "ಕೈ ಚುರುಕಿನ ಹುಡುಗ" ಎಂದರು.

ಸಾಹೇಬರ ಮೀಸೆ ಅಲುಗಿತು. ನಗುವೋ ಸಿಟ್ಟೋ ಹಾರದ ಒಳಗೆ ತಿಳಿಯಲಿಲ್ಲ. ಆದರೆ ಕೂತು ಸಸಿ ನೆಟ್ಟರು.

ಸಾಹೇಬರನ್ನು ರೈಲು ಹತ್ತಿಸಿ ಬಂದ ಮೇಲೆ ನಾನು ಮೇಷ್ಟ್ರ ಮುಂದೆ ನಿಂತೆ. ಬೈದರೆ ಸಾಕೆನ್ನಿಸಿತ್ತು. ಅವರು ಕಟ್ಟೆಯ ಮೇಲೆ ಕೂತು ಕೋಟಿನ ಕೆಸರು ಉಜ್ಜುತ್ತಿದ್ದರು. "ಅಲ್ಲಯ್ಯಾ, ಅಜ್ಜಿಯರನ್ನ ಕಾಯೋಕೆ ನಿನ್ನನ್ನಿಟ್ಟೆ. ನಿನ್ನನ್ನ ಕಾಯೋಕೆ ಒಬ್ಬ ಅಜ್ಜಿಯನ್ನಾದರೂ ಇಡಬೇಕಿತ್ತು" ಎಂದರು.

ಮುಂದಿನ ತಿಂಗಳು ಸಾಹೇಬರು ಹೇಳದೆ ಕೇಳದೆ ಬಂದರು. ಪಾತಿಯಲ್ಲಿ ಎಲೆ ಕಾಣದಷ್ಟು ಹೂವಿತ್ತು. ತರಗತಿ ಉಳಿಯಿತು. ಬಯಲಿನಲ್ಲಿ ಅರ್ಧ ಗಾಡಿಗಳಿಗೆ ಹೋಯಿತು, ಅರ್ಧ ನಮಗೆ ಬಂತು. ಅರ್ಧ ಬಂದ ಸಂತೋಷಕ್ಕೆ ಮೇಷ್ಟ್ರು ಬಯಲಿನಲ್ಲಿ ಬಹಳ ಹೊತ್ತು ಕೂತಿದ್ದು, ಆಮೇಲೆ ಕಾಗದ ತೆಗೆದರು. ದಾರಿಯ ಅಂಚಿಗೆ, ಬುಟ್ಟಿ ಹಿಡಿದವರ ಕೈಗೆ ಎಟುಕುವ ಹಾಗೆ, ಉದ್ದಕ್ಕೂ ದಾಸವಾಳ, ಕಣಗಿಲೆ, ನಂದಿಬಟ್ಟಲು. ಅದಕ್ಕೆ ಅಜ್ಜಿಯರ ಸಾಲು ಎಂದು ಅವರೇ ಹೆಸರಿಟ್ಟರು. ಅಲ್ಲಿ ಯಾರು ಬೇಕಾದರೂ ಕೀಳಬಹುದು. ಒಳಗಿನ ಪಾತಿಗಳು ನೋಡುವುದಕ್ಕೆ. ಅಂದಿನಿಂದ ಒಳಗಿನ ಒಂದು ಹೂವೂ ಹೋಗಿಲ್ಲ. ಯಾರಾದರೂ ಕೈ ಚಾಚಿದರೆ ಅಜ್ಜಿಯರೇ, "ಏಯ್, ಅದು ಕಣ್ಗೆ ಕಣ್ಲಾ, ಕೈಗಲ್ಲ" ಎಂದು ಗದರುತ್ತಾರೆ.

ಆ ಶುಕ್ರವಾರದ ನಂತರ ಮೇಷ್ಟ್ರು ಒಂದು ನಿಯಮ ಮಾಡಿದರು. ಇನ್ನು ಮೇಲೆ ಯಾರಿಗೂ ಹಾರ ಬೇಡ. ಮಳವಳ್ಳಿಯ ಉಪನ್ಯಾಸದಲ್ಲಿ ಊರಿನ ದೊಡ್ಡವರು ಹಾರ ತಂದಾಗ ಕೊಡೆ ಅಡ್ಡ ಹಿಡಿದರು. "ಹೂವು ಗಿಡದ ಮೇಲಿರಲಿ. ನನ್ನ ಕೊರಳು ಬರಿದಾಗಿದ್ದರೂ ಚೆನ್ನಾಗಿಯೇ ಇದೆ." ವರ್ಷಗಟ್ಟಲೆ ಇದೇ ಮಾತು. ಕೊನೆಗೆ ನಮಗೂ ಅಭ್ಯಾಸವಾಯಿತು.

ಹೋದ ತಿಂಗಳು ಅವರನ್ನು ಬೀಳ್ಕೊಡುವುದಕ್ಕೆ ಸ್ಟೇಷನ್ನಿಗೆ ಹೋದಾಗ ನಾವು ಯಾರೂ ಒಂದು ಹೂವನ್ನೂ ತರಲಿಲ್ಲ. ನಿಂಗಕ್ಕ ಖಾಲಿ ಕೈಯಲ್ಲಿ ಬಂದು ಸೆರಗಿನ ತುದಿ ಹಿಂಡುತ್ತಿದ್ದಳು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿದ್ದರು, ಕತ್ತರಿ ಗುಂಡಿಯಲ್ಲೇ ಇತ್ತು. ಗಾಡಿ ಹತ್ತಿ ಕಿಟಕಿಯ ಪಕ್ಕ ಕೂತು ನಮ್ಮ ಕೈಗಳನ್ನು ನೋಡಿದರು. ನಮ್ಮ ಬೆನ್ನ ಹಿಂದೆ ನೋಡಿದರು. ಮಾತು ಮುಗಿದ ಮೇಲೂ ಏನನ್ನೋ ಕಾಯುತ್ತಿರುವಂತೆ ಕತ್ತು ಸ್ವಲ್ಪ ಮುಂದೆ ಮಾಡಿ ಕೂತಿದ್ದರು.

ಪಕ್ಕದಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ, ಅಮ್ಮನವರು, ನಕ್ಕರು. "ಬೆಳಗಿನಿಂದ ಕನ್ನಡಿ ಮುಂದೆ ನಿಂತು ಕಾಲರ್ ಸರಿ ಮಾಡಿಕೊಂಡರಪ್ಪ. ಇವತ್ತೊಂದು ದಿನ ಹುಡುಗರು ನನ್ನ ಮಾತು ಕೇಳೋಲ್ಲ ನೋಡು ಅಂತ."

ಮೇಷ್ಟ್ರು ಕಿಟಕಿಯ ಕಂಬಿ ಹಿಡಿದು, "ಕಲಿತುಬಿಟ್ಟಿದ್ದೀರಲ್ಲಯ್ಯಾ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ.

ನಿಂಗಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಜವರ ನನ್ನನ್ನು ತಿವಿದ. "ಓಗ್ಲಾ. ನೀನ್ ಇನ್ನೂ ಕಲ್ತಿಲ್ವಲ್ಲ."

ಪ್ಲಾಟ್‌ಫಾರಂ ತುದಿಯಲ್ಲಿ ಸ್ಟೇಷನ್ ಮಾಸ್ಟರು ಮಗುವಿನ ಹಾಗೆ ಸಾಕಿದ್ದ ಒಂದು ದಾಸವಾಳ ಇತ್ತು. ಮರದಷ್ಟು ಬೆಳೆದು, ಒಂದೇ ಒಂದು ಕೆಂಪು ಹೂವು ಬಿಟ್ಟಿತ್ತು. ನಾನು ಓಡಿದೆ. ಹಿಂದಿನಿಂದ ಯಾರೋ ಕೂಗಿದರು, ಶೀಟಿ ಕೇಳಿತು, ಗಾಡಿ ಅಲುಗಿತು. ಕೈಗೆ ಸಿಕ್ಕಿದ ಕೊಂಬೆ ಹಿಡಿದು ಎಳೆದೆ. ಹೂವಿನ ಜೊತೆ ಮೊಳದುದ್ದದ ಕಡ್ಡಿಯೂ ಸಿಗಿದುಕೊಂಡು ಬಂತು. ಅದನ್ನೇ ಹಿಡಿದು ಗಾಡಿಯ ಪಕ್ಕ ಓಡಿ ಕಿಟಕಿಯೊಳಗೆ ತೂರಿಸಿದೆ.

ಮೇಷ್ಟ್ರು ಎರಡೂ ಕೈಯಲ್ಲಿ ತೆಗೆದುಕೊಂಡರು. ಹೂವನ್ನು ನೋಡಲಿಲ್ಲ. ಕಡ್ಡಿಯ ಬುಡ ತಿರುಗಿಸಿ ನೋಡಿದರು.

"ಸಿಗಿದಿದ್ದೀಯಲ್ಲಯ್ಯಾ. ಎಷ್ಟು ಸಲ ಹೇಳಿದೀನಿ, ಗೆಣ್ಣಿನ ಮೇಲೆ…"

ಗಾಡಿ ಮುಂದೆ ಹೋಯಿತು. ಮಿಕ್ಕದ್ದನ್ನು ಪ್ಲಾಟ್‌ಫಾರಂ ಮೇಲೆ ನಿಂತಿದ್ದ ನಾವೆಲ್ಲ ಒಟ್ಟಿಗೆ ಹೇಳಿದೆವು, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ. ದೂರದಲ್ಲಿ ಕಿಟಕಿಯಲ್ಲಿ ಎರಡು ಕೈ ಕಂಡವು. ಕತ್ತರಿಯಿಂದ ಕಡ್ಡಿಯ ಬುಡವನ್ನು ಓರೆಯಾಗಿ ಸರಿಮಾಡುತ್ತಿದ್ದವು. ಆಮೇಲೆ ಅದನ್ನು ಕಿಟಕಿಗೆ ಒರಗಿಸಿದ್ದ ಕೊಡೆಯೊಳಗೆ ಇಳಿಬಿಟ್ಟವು.

ಅಷ್ಟರಲ್ಲಿ ಸ್ಟೇಷನ್ ಮಾಸ್ಟರು ನನ್ನ ಕತ್ತಿನ ಪಟ್ಟಿ ಹಿಡಿದಿದ್ದರು. "ಹೂವು ಕೀಳೋ ರೀತಿಯೇನೋ ಇದು? ಯಾರೋ ನಿನಗೆ ಹೀಗೆ ಕೀಳೋದನ್ನ ಕಲಿಸಿದ್ದು?"

ನಾನು ಹೋಗುತ್ತಿದ್ದ ರೈಲಿನ ಕಡೆ ಕೈ ತೋರಿಸಿದೆ.